ಊರಿನವರಿಗೂ ಅವರದೇ ಕಷ್ಟಗಳಿರಲಿ

ಪ್ರಿಯ ಗೆಳೆಯರೇ,

ನಿಮ್ಮ ಕಥೆ ಓದಿದೆ. ಗಂಡ ಹೆಂಡತಿ ಮಾತು ಬಿಟ್ಟು ಕೂತಿರುವ ಭಾಗ ಹಿಡಿಸಿತು. ಆದರೆ ಅವರಿಗೆ ಬೇಜಾರಾದಾಗೆಲ್ಲ ಊರಲ್ಲಿ ಮಳೆ ಬರುತ್ತದೆ. ಅವರು ರಾಜಿಯಾದರೆ ಜಾತ್ರೆ ಶುರುವಾಗುತ್ತದೆ. ಆ ಊರಿನವರಿಗೆ ಬೇರೆ ಕೆಲಸ ಇಲ್ವಾ?

ಫ್ರಾನ್ಸಿನ ನಿರ್ದೇಶಕಿ ಆನ್ಯೆಸ್ ವರ್ದಾ ಅವರ ಮೊದಲ ಚಿತ್ರ ‘ಲಾ ಪ್ವಾಂತ್ ಕೂರ್ತ್’ ನೋಡಿ. 1954ರಲ್ಲಿ ಅದನ್ನು ತೆಗೆದಾಗ ಆಕೆ 26ರ ಫೋಟೋಗ್ರಾಫರ್. ಅಷ್ಟರೊಳಗೆ ನೋಡಿದ್ದ ಸಿನಿಮಾಗಳೇ ಕಡಿಮೆ. ಸ್ಟುಡಿಯೋ ಇಲ್ಲ, ದುಡ್ಡೂ ಇಲ್ಲ. ನಟರು, ತಂತ್ರಜ್ಞರು ಸಂಬಳದ ಬದಲು ಚಿತ್ರದಲ್ಲಿ ಪಾಲು ಒಪ್ಪಿಕೊಂಡು ದುಡಿದರು. ಸಂಕಲನ ಮಾಡಿದ್ದು ಅಲೇನ್ ರೆನೇ.

ಜಾಗ ದಕ್ಷಿಣ ಫ್ರಾನ್ಸಿನ ಸೆತ್ ಪಟ್ಟಣದ ಮೀನುಗಾರರ ಕೇರಿ. ಕೇರಿಯ ಹೆಸರೇ ಚಿತ್ರಕ್ಕೂ. ವರ್ದಾ ಹುಡುಗಿಯಾಗಿ ಸೆತ್‌ನಲ್ಲಿ ಬೆಳೆದವರು, ಅಲ್ಲಿನ ಓಣಿ ಗೊತ್ತಿತ್ತು. ಆ ಕೇರಿಯಲ್ಲಿ ಹುಟ್ಟಿದವನು ಗಂಡ, ಪ್ಯಾರಿಸ್‌ನವಳು ಹೆಂಡತಿ. ಮದುವೆಯಾಗಿ ನಾಲ್ಕು ವರ್ಷ. ಒಟ್ಟಿಗೆ ಇರೋದಾ ಬಿಡೋದಾ ಅಂತ ದೋಣಿಗಳ ನಡುವೆ ಮಾತಾಡುತ್ತಾ ಓಡಾಡುತ್ತಾರೆ.

ಇನ್ನೊಂದು ಕಡೆ ಕೇರಿಯ ಬದುಕು ನಡೆದೇ ಇರುತ್ತದೆ. ಹಿನ್ನೀರು ಕೆಟ್ಟಿದೆ, ಚಿಪ್ಪುಮೀನು ಹಿಡಿಯಬಾರದು ಅಂತ ಸರ್ಕಾರದ ಕಟ್ಟಪ್ಪಣೆ. ತಪಾಸಣೆಯವರು ಬಂದರೆ ಕೇರಿಗೆ ಕೇರಿಯೇ ಎಚ್ಚರವಾಗುತ್ತದೆ. ಒಂದು ಮಗು ಸಾಯುತ್ತದೆ. ದೋಣಿ ಮೇಲೆ ನಿಂತು ಈಟಿಯಿಂದ ಎದುರಾಳಿಯನ್ನು ನೀರಿಗೆ ಕೆಡಹುವ ಹಬ್ಬದ ಆಟವೂ ನಡೆಯುತ್ತದೆ. ಇದ್ಯಾವುದೂ ಗಂಡ ಹೆಂಡತಿಗಾಗಿ ಅಲ್ಲ. ಮೀನುಗಾರರ ಪಾತ್ರ ಮಾಡಿದವರು ಅಲ್ಲಿನವರೇ. ಅವರ ಕಣ್ಣಿಗೆ ಈ ಜೋಡಿ ಸುಮ್ನೆ ಜಾಸ್ತಿ ಮಾತಾಡುವ ಜನ, ಅಷ್ಟೇ.

ಈ ಎರಡು ಎಳೆ ಒಂದಾದ ಮೇಲೊಂದು ಬರುತ್ತವೆ. ಅಮೆರಿಕದ ಲೇಖಕ ಫಾಕ್ನರ್ ಅವರ ‘ದಿ ವೈಲ್ಡ್ ಪಾಮ್ಸ್’ ಕಾದಂಬರಿಯ ರಚನೆಯಿಂದ ಹೊಳೆದ ದಾರಿ ಅದು. ಅವನ್ನು ಗಂಟು ಹಾಕುವ ಗೋಜಿಗೆ ವರ್ದಾ ಹೋಗಲೇ ಇಲ್ಲ. ನೋಡುವವರೇ ಹಾಕಿಕೊಳ್ಳಲಿ ಅಂತ ಬಿಟ್ಟರು. ಆ ಧೈರ್ಯ ನಿಮ್ಮ ಕಥೆಗೆ ಬೇಕು.

ಎಲ್ಲವನ್ನೂ ಅನುಕರಿಸಿ ಅಂತಲ್ಲ. ಹೆಂಡತಿ, ಗಂಡನ ಪಾತ್ರ ಮಾಡಿದ ಸಿಲ್ವಿಯಾ ಮೊಂಫೋರ್, ಫಿಲಿಪ್ ನ್ವಾರೆ ಮಾತಾಡುವುದು ಓದಿ ಒಪ್ಪಿಸಿದ ಹಾಗಿದೆ. ವರ್ದಾ ಬೇಕಂತಲೇ ಹಾಗೆ ಮಾಡಿಸಿದ್ದು. ಆದರೂ ಕೆಲವು ಕಡೆ ನನಗೆ ಆಕಳಿಕೆ ಬಂತು. ಮೀನುಗಾರರು ಬಂದ ಕೂಡಲೇ ಮತ್ತೆ ನೆಟ್ಟಗೆ ಕೂತೆ.

ನಿಮ್ಮ ಕಥೆಯ ಮೂರನೇ ಭಾಗದಲ್ಲಿ ದೋಣಿಯವನು ಇವರ ಜಗಳ ಕೇಳಿ ಬುದ್ಧಿ ಹೇಳುತ್ತಾನಲ್ಲ, ಅದನ್ನು ಕಿತ್ತು ಹಾಕಿ. ದೋಣಿ ಯಾರದು, ಅವನ ಸಾಲ ಎಷ್ಟು, ಮಗಳ ಮದುವೆ ಯಾಕೆ ನಿಂತಿದೆ? ಅದನ್ನು ಬರೆಯಿರಿ. ಆ ಎರಡು ಪುಟ ಮಾತ್ರ ಕಳಿಸಿದರೂ ಸಾಕು. ಅವಸರವಿಲ್ಲ, ದೀಪಾವಳಿ ಕಳೆದ ಮೇಲಾದರೂ ಸರಿ.