ಮೇಲಿನ ಮನೆಯ ಸ್ಟಾಪರ್ ಅಂಕಲ್‌ಗೆ

ನಾಳೆ ಸಂಕ್ರಾಂತಿ. ಒಂದೂವರೆ ತಿಂಗಳ ಮೇಲೆ ಚೆನ್ನೈನ ಸೈದಾಪೇಟೆಯ ನಮ್ಮ ಮನೆಯಲ್ಲಿ ಮತ್ತೆ ಹಾಲುಕ್ಕಿಸುತ್ತೇವೆ. 2015ರ ಡಿಸೆಂಬರ್ 1ರ ರಾತ್ರಿ ಉಕ್ಕಿ ಹರಿದ ಅಡ್ಯಾರ್ ನದಿ ಏನೇನು ಹೊತ್ತುಕೊಂಡು ಹೋಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಅಕ್ಕಿ, ಕಂಬಳಿ ಕಳಿಸಿದ ಬೆಂಗಳೂರಿನ ಗೆಳೆಯರಿಗೆ, ಕೆಸರು ಬಳಿದ ಆಫೀಸಿನ ಹುಡುಗರಿಗೆ, ಮಗಳನ್ನು ಎರಡು ವಾರ ಇಟ್ಟುಕೊಂಡ ಅತ್ತಿಗೆಗೆ ಕೈಮುಗಿಯುತ್ತೇನೆ.

ಇನ್ನು ಅಂಕಲ್ ವಿಷಯ.

ಒಂದು ಕಾಲಕ್ಕೆ ರೈಲ್ವೆ ಫುಟ್‌ಬಾಲ್ ತಂಡದಲ್ಲಿ ಸ್ಟಾಪರ್, ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವ ಡಿಫೆಂಡರ್ ಆಗಿ ಆಡಿದವರು. ಆ ರಾತ್ರಿ ಅಮ್ಮನನ್ನು ಕುರ್ಚಿ ಸಮೇತ ಮೇಲಕ್ಕೆ ಸಾಗಿಸಿದೆವು; ಮಾತ್ರೆ ಡಬ್ಬಿ ಕೆಳಗೇ ಉಳಿಯಿತು. ಎರಡು ಗಂಟೆಗೆ ನಾನು ಎದೆಮಟ್ಟದ ನೀರಿಗೆ ಇಳಿಯಹೊರಟೆ. ಕಾಲರ್ ಹಿಡಿದು ಎಳೆದು ಮೆಟ್ಟಿಲ ಮೇಲೆ ಕುಕ್ಕರಿಸಿದರು. ಆಮೇಲೆ ಬಾಗಿಲು ಬಾಗಿಲು ತಟ್ಟಿ, ಮೂರನೇ ಮಹಡಿಯ ಮಾಮಿಯ ಹತ್ತಿರ ಅದೇ ಮಾತ್ರೆ ಹುಡುಕಿ ತಂದರು.

ಅಮ್ಮ ಮಲಗಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ನಲವತ್ತು ವರ್ಷದ ಗಂಡಸು, ಮನೆಯವರನ್ನು ಕಾಪಾಡಲಾಗದೆ ಕತ್ತಲಲ್ಲಿ ಕೂತಿದ್ದೆ.

ಅಂಕಲ್ ಸಮಾಧಾನ ಹೇಳಲಿಲ್ಲ. ಇಟಲಿಯ ಫುಟ್‌ಬಾಲ್ ಆಟಗಾರ ಮಾತೆರಾಜಿ ಕಥೆ ಶುರು ಮಾಡಿದರು! ಆಗ ನಮ್ಮೂರಿನ ಫುಟ್‌ಬಾಲ್ ತಂಡ ಚೆನ್ನೈಯಿನ್‌ಗೆ ಕೋಚ್, ಅಂಕಲ್‌ನ ಆರಾಧ್ಯದೈವ. ಇಟಲಿಯ ಪೆರೂಜಾ ಕ್ಲಬ್‌ನಲ್ಲಿ 2000-01ರ ಸೀಸನ್‌ನಲ್ಲಿ ಡಿಫೆಂಡರ್ ಆಗಿದ್ದುಕೊಂಡೇ 12 ಗೋಲು. ಇಂಗ್ಲೆಂಡಿನ ಎವರ್ಟನ್‌ನಲ್ಲಿ ಒಂದೇ ವರ್ಷ, ಬರೀ ಕೆಂಪು ಕಾರ್ಡು. 2006ರ ವಿಶ್ವಕಪ್‌ನಲ್ಲಿ ಇಟಲಿಯ ಡಿಫೆಂಡರ್ ನೆಸ್ತಾ ಗಾಯಗೊಂಡಿದ್ದಕ್ಕೆ ಸಿಕ್ಕ ಜಾಗ. ಫ್ರಾನ್ಸ್ ಎದುರಿನ ಬರ್ಲಿನ್ ಫೈನಲ್ ಅಂದರೆ ಫ್ರಾನ್ಸ್‌ನ ಜಿದಾನ್ ಮಾತೆರಾಜಿಗೆ ತಲೆಯಿಂದ ಗುದ್ದಿದ್ದಷ್ಟೇ ನನಗೆ ನೆನಪು. "ಅದು 110ನೇ ನಿಮಿಷ, ತಂಬಿ," ಅಂದರು. 7ನೇ ನಿಮಿಷದಲ್ಲಿ ಫ್ರಾನ್ಸ್‌ಗೆ ಪೆನಾಲ್ಟಿ ಸಿಕ್ಕಿದ್ದೂ ಮಾತೆರಾಜಿಯ ಫೌಲ್‌ನಿಂದ. 19ರಲ್ಲಿ ಹೆಡ್ ಮಾಡಿ ಸಮ ಮಾಡಿದವನೂ ಇವನೇ. "ನಡುವೆ ಹನ್ನೆರಡು ನಿಮಿಷ ಅವನ ತಲೇಲಿ ಏನು ಓಡ್ತಿತ್ತು ಹೇಳು?" ನನಗೇನು ಗೊತ್ತು. ಅವನ ಇಟಲಿ ಕ್ಲಬ್ ಇಂಟರ್‌ನ 2010ರ ಮೂರು ಟ್ರೋಫಿಗಳ ಹೊತ್ತಿಗೆ ಬೆಳಕಾಯಿತು. ಮಾತು ನಿಲ್ಲಿಸಿದ ಮೇಲೇ ಕಂಡದ್ದು, ಅವರ ಕೈಯೂ ನಡುಗುತ್ತಿತ್ತು.

ನಮ್ಮ ಹಾಗೇ ಚೆನ್ನೈಯಿನ್ ತಂಡವೂ ಮನೆ ಬಿಟ್ಟಿತ್ತು. ಇಂಡಿಯನ್ ಸೂಪರ್ ಲೀಗ್‌ನ ತವರಿನ ಸೆಮಿಫೈನಲ್ ಪುಣೆಯಲ್ಲಿ ಆಡಿ ಕೋಲ್ಕತ್ತಾವನ್ನು 3-0 ಸೋಲಿಸಿತು. ಡಿಸೆಂಬರ್ 20ರ ಫೈನಲ್ ಗೋವಾ ತಂಡದ ಎದುರು, ಗೋವಾದ ಫತೋರ್ಡಾದಲ್ಲಿ. ನಾವು ನೋಡಿದ್ದು ಅಂಕಲ್ ಮನೆಯಲ್ಲಿ. 87ನೇ ನಿಮಿಷಕ್ಕೆ ಗೋವಾ 2-1. ಮುಗೀತು ಅಂತ ಎದ್ದೆ, ಕೆಳಗೆ ಗೋಡೆ ಉಜ್ಜುವುದಿತ್ತು. ಮತ್ತೆ ಕಾಲರ್‌ಗೆ ಕೈ. "ಕೂತ್ಕೊ." 90ರಲ್ಲಿ ಗೋವಾ ಗೋಲ್‌ಕೀಪರ್‌ನಿಂದಲೇ ಸ್ವಂತ ಗೋಲು, ಅದರ ಬೆನ್ನಿಗೇ ನಮ್ಮ ಮೆಂಡೋಜಾನ ಗೋಲು. 3-2. ಅಂಕಲ್ ಕೂಗಿದ್ದಕ್ಕೆ ಅಮ್ಮ ಬೆಚ್ಚಿ ಎದ್ದು, ಮತ್ತೆ ನೀರು ಬಂತಾ ಅಂದರು.

ಅಂಕಲ್‌ಗೆ ಕನ್ನಡ ಓದಲು ಬರದು. ನಾಳೆ ಊಟಕ್ಕೆ ಬಂದಾಗ ಓದಿ ಹೇಳುತ್ತೇನೆ. ಅಮ್ಮನ ಮಾತ್ರೆಯ ಎರಡು ಸ್ಟ್ರಿಪ್ ಕೊಡುತ್ತೇನೆ ಅಂಕಲ್, ನಿಮ್ಮ ಮನೆಯಲ್ಲೇ ಇರಲಿ.