ಚುಚ್ಚುಮದ್ದಿಗೆ ಮೊದಲೇ ಹೇಳಬೇಕಾದ ಮಾತು

ಮಾನ್ಯ ಸಂಪಾದಕರೇ,

ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ‘ಅಂತರ’ ಗರ್ಭನಿರೋಧಕ ಚುಚ್ಚುಮದ್ದನ್ನು ಒಮ್ಮೆ ಹಾಕಿಸಿಕೊಂಡ ಹೆಣ್ಣುಮಕ್ಕಳಲ್ಲಿ ಅನೇಕರು ಎರಡನೆಯ ಅಥವಾ ಮೂರನೆಯ ಸಲಕ್ಕೆ ಬರುವುದೇ ಇಲ್ಲ. ಏಕೆಂದು ವಿಚಾರಿಸಿದರೆ ಹೆಚ್ಚಿನವರು ಹೇಳುವ ಕಾರಣ ಒಂದೇ, ಮುಟ್ಟು ಏರುಪೇರಾಯಿತು ಎಂಬುದು. ಗ್ರಾಮೀಣ ಉಪಕೇಂದ್ರಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾಗಿರುವ ನನಗೆ ಆ ಔಷಧಿಯ ಮೇಲೆ ದೂರಿಲ್ಲ. ಇಂಥ ಏರುಪೇರು ನಿರೀಕ್ಷಿತವೆಂದು ಸೂಜಿ ಚುಚ್ಚುವ ಮೊದಲೇ ಬಿಡಿಸಿ ಹೇಳುವ ಪರಿಪಾಠ ನಮ್ಮಲ್ಲಿ ಸಾಲದು ಎಂಬುದಷ್ಟೇ ನನ್ನ ತಕರಾರು.

2017ರಲ್ಲಿ ಸರ್ಕಾರದ ಕುಟುಂಬ ಯೋಜನಾ ಕಾರ್ಯಕ್ರಮಕ್ಕೆ ಸೇರಿದ ಈ ಚುಚ್ಚುಮದ್ದಿನಲ್ಲಿರುವುದು ಮೆಡ್ರಾಕ್ಸಿಪ್ರೊಜೆಸ್ಟರೋನ್ ಎಂಬ ಹಾರ್ಮೋನು. ಇದನ್ನು ಮೂರು ತಿಂಗಳಿಗೊಮ್ಮೆ ಕೊಡುತ್ತಾರೆ. ಇದು ಅಂಡಾಣು ಬಿಡುಗಡೆಯಾಗದಂತೆ ತಡೆಯುವುದರ ಜೊತೆಗೆ ಗರ್ಭಕೋಶದ ಒಳಪದರವನ್ನು ದಪ್ಪವಾಗಿ ಬೆಳೆಯಲು ಬಿಡದೆ ತೆಳುವಾಗಿಯೇ ಇಡುತ್ತದೆ. ಮೊದಲ ಕೆಲವು ತಿಂಗಳು ಆ ತೆಳು ಪದರವೇ ಹೊತ್ತುಗೊತ್ತಿಲ್ಲದೆ ಅಲ್ಲಲ್ಲಿ ಕಳಚುವುದರಿಂದ ಕೆಲವರಿಗೆ ವಾರಗಟ್ಟಲೆ ಬಟ್ಟೆಗೆ ಕಲೆಯಾಗುತ್ತದೆ, ಕೆಲವರಿಗೆ ತಿಂಗಳಲ್ಲಿ ಎರಡು ಸಲ ಮುಟ್ಟಾದಂತೆ ತೋರುತ್ತದೆ. ವರ್ಷ ತುಂಬುವಷ್ಟರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮುಟ್ಟು ಪೂರ್ತಿ ನಿಂತುಹೋಗುತ್ತದೆ.

ಗಾಬರಿ ಹುಟ್ಟಿಸುವುದು ಈ ನಿಲ್ಲುವಿಕೆಯೇ. ಎರಡನೆಯ ಚುಚ್ಚುಮದ್ದು ಪಡೆದಿದ್ದ ಸೊಸೆಯನ್ನು ಕರೆದುಕೊಂಡು ಬಂದ ಅತ್ತೆಯೊಬ್ಬರು, “ಮೂರು ತಿಂಗ್ಳಿಂದ ಹೊರಗೇ ಆಗಿಲ್ಲ ಇವ್ಳು. ಆ ಕೆಟ್ಟ ರಕ್ತ ಎಲ್ಲಾ ಒಳಗೇ ಸೇರ್ಕೊಂಡು ಗಡ್ಡೆ ಆದ್ರೆ ಏನ್ ಗತಿ ಸಿಸ್ಟರ್?” ಎಂದು ಕೇಳಿದ್ದರು. ಆ ಪ್ರಶ್ನೆಯನ್ನು ಅಜ್ಞಾನವೆಂದು ನಕ್ಕು ತಳ್ಳಿಹಾಕುವ ಸಿಬ್ಬಂದಿಯನ್ನೂ ಕಂಡಿದ್ದೇನೆ. ನಾನು ಆಕೆಗೆ ಹೇಳಿದ್ದು ಇಷ್ಟು: ಒಲೆಯ ಮೇಲೆ ಹಾಲೇ ಇಟ್ಟಿಲ್ಲವೆಂದ ಮೇಲೆ ಉಕ್ಕುವುದೇನು ಬಂತಮ್ಮಾ? ಪದರ ಬೆಳೆದರೆ ತಾನೆ ಕಳಚುವುದು. ಬೆಳೆಯದೇ ಇದ್ದಾಗ ಒಳಗೆ ಕೂಡಿಕೊಳ್ಳಲು ರಕ್ತವೇ ಇರುವುದಿಲ್ಲ. ರಕ್ತಹೀನತೆ ಇಷ್ಟೊಂದು ವ್ಯಾಪಕವಾಗಿರುವ ನಮ್ಮ ಹಳ್ಳಿಗಳಲ್ಲಿ, ತಿಂಗಳು ತಿಂಗಳು ಹೋಗುವ ರಕ್ತ ಉಳಿಯುವುದು ಒಂದು ರೀತಿಯಲ್ಲಿ ಲಾಭವೇ ಸರಿ.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಚುಚ್ಚುಮದ್ದು ನಿಲ್ಲಿಸಿದ ಮೇಲೆ ಮುಟ್ಟು ಮೊದಲಿನ ಲಯಕ್ಕೆ ಮರಳಲು ಸಮಯ ಬೇಕು. ಕೊನೆಯ ಸಲ ಹಾಕಿಸಿಕೊಂಡ ದಿನದಿಂದ ಮತ್ತೆ ಗರ್ಭ ನಿಲ್ಲಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆ. ಇದು ಗೊತ್ತಿಲ್ಲದ ಮನೆಗಳಲ್ಲಿ ‘ಇಂಜೆಕ್ಷನ್ನಿಂದ ಬಂಜೆಯಾದಳು’ ಎಂಬ ಮಾತು ಹುಟ್ಟಿ, ಊರಿಡೀ ಹರಡಿ, ಆಶಾ ಕಾರ್ಯಕರ್ತೆಯರು ತಲೆ ಎತ್ತಿ ತಿರುಗದಂತಾಗುತ್ತದೆ.

ದಿನಕ್ಕೊಂದರಂತೆ ನುಂಗುವ ಗರ್ಭನಿರೋಧಕ ಮಾಲಾ-ಎನ್ ಮಾತ್ರೆಯ ಕಥೆ ಬೇರೆ. ಅದರ 28 ಮಾತ್ರೆಗಳಲ್ಲಿ ಹಾರ್ಮೋನು ಇರುವುದು 21ರಲ್ಲಿ ಮಾತ್ರ, ಉಳಿದ 7 ಬರೀ ಕಬ್ಬಿಣಾಂಶದವು. ಆ ಏಳು ದಿನಗಳಲ್ಲಿ ಕಾಣಿಸುವುದು ಹಾರ್ಮೋನು ತಪ್ಪಿದ್ದರಿಂದ ಆಗುವ ಸ್ರಾವವೇ ಹೊರತು ಅಂಡಾಣು ಬಿಡುಗಡೆಯಾದ ಮೇಲಿನ ಸಹಜ ಮುಟ್ಟಲ್ಲ. ಆದ್ದರಿಂದಲೇ ಅದು ಕಡಿಮೆಯಿರುತ್ತದೆ, ಹೊಟ್ಟೆನೋವೂ ಅಷ್ಟಾಗಿ ಇರುವುದಿಲ್ಲ. ಆದರೆ ಸ್ರಾವ ಪೂರ್ತಿ ನಿಲ್ಲಲಿ ಎಂದು ಕಾದು ಹೊಸ ಪಟ್ಟಿಯನ್ನು ತಡವಾಗಿ ಶುರುಮಾಡುವವರಿದ್ದಾರೆ, ಗರ್ಭ ನಿಲ್ಲುವ ಅಪಾಯವಿರುವುದು ಅಲ್ಲಿಯೇ. ಇನ್ನು ವಾರದ ಮಾತ್ರೆ ‘ಛಾಯಾ’ದಲ್ಲಿ ಹಾರ್ಮೋನೇ ಇಲ್ಲ, ಆದರೂ ಅದು ಮುಟ್ಟನ್ನು ಮುಂದೂಡಬಲ್ಲದು. ವಂಕಿ ಎಂದು ಕರೆಯುವ ಕಾಪರ್-ಟಿಯಲ್ಲೂ ಹಾರ್ಮೋನಿಲ್ಲ. ಅದು ಮೊದಲ ತಿಂಗಳುಗಳಲ್ಲಿ ಸ್ರಾವವನ್ನು ಹೆಚ್ಚಿಸುತ್ತದೆ. ಇವೆಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ‘ಫ್ಯಾಮಿಲಿ ಪ್ಲಾನಿಂಗ್ ಮಾಡಿಸಿದರೆ ಮುಟ್ಟು ಕೆಡುತ್ತದೆ’ ಎನ್ನುವುದರಿಂದ ಹೆಂಗಸರಿಗೆ ಕೊನೆಗೆ ಉಳಿಯುವ ದಾರಿ ಆಪರೇಷನ್ ಒಂದೇ.

ಹಾಗೆಂದು ಎಲ್ಲ ರಕ್ತಸ್ರಾವವನ್ನೂ ಚುಚ್ಚುಮದ್ದಿನ ಲೆಕ್ಕಕ್ಕೆ ಹಾಕಿ ಸುಮ್ಮನಿರುವುದೂ ಸಲ್ಲದು. ಗಂಟೆಗೊಂದು ಪ್ಯಾಡ್ ತೋಯುವಷ್ಟು ಹೋದರೆ, ಸಂಭೋಗದ ನಂತರ ರಕ್ತ ಕಂಡರೆ, ಕೆಳಹೊಟ್ಟೆ ವಿಪರೀತ ನೋಯುತ್ತಿದ್ದರೆ ವೈದ್ಯರು ಪರೀಕ್ಷಿಸಲೇಬೇಕು. ಚುಚ್ಚುಮದ್ದಿನ ತಾರೀಕು ನಾಲ್ಕು ವಾರಕ್ಕಿಂತ ಹೆಚ್ಚು ಮೀರಿಹೋಗಿದ್ದರೆ ಆಶಾ ಕಾರ್ಯಕರ್ತೆಯ ಬಳಿ ಸಿಗುವ ‘ನಿಶ್ಚಯ್’ ಕಿಟ್‌ನಿಂದ, ಗರ್ಭ ನಿಂತಿದೆಯೇ ಎಂದು ತಿಳಿಯಲು, ಮೂತ್ರ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಕಲೆಯಾಗುವುದು ಎಡಬಿಡದೆ ಮುಂದುವರಿದರೆ ಅದನ್ನು ತಗ್ಗಿಸುವ ಮಾತ್ರೆಗಳಿವೆ. ಕೇಳಿದರೆ ವೈದ್ಯರು ಬರೆದುಕೊಡುತ್ತಾರೆ. ಹಾಗೆ ಕೇಳಬಹುದು ಎಂಬುದೇ ಬಹಳ ಮಂದಿಗೆ ತಿಳಿದಿಲ್ಲ.

ಆರೋಗ್ಯ ಇಲಾಖೆಯಲ್ಲಿ ನನ್ನ ವಿನಂತಿಯಿಷ್ಟೆ. ಅಂತರ ಪಡೆದವರಿಗೆ ಕೊಡುವ ಕಾರ್ಡಿನಲ್ಲಿ ಮುಂದಿನ ತಾರೀಕು ಎದ್ದು ಕಾಣುವಷ್ಟೇ ದೊಡ್ಡದಾಗಿ, ‘ಮೊದಲು ಕಲೆಯಾಗಬಹುದು, ಆಮೇಲೆ ಮುಟ್ಟು ನಿಲ್ಲಬಹುದು, ಒಳಗೆ ರಕ್ತ ಕಟ್ಟಿಕೊಳ್ಳುವುದಿಲ್ಲ’ ಎಂದು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಲಿ. ಮೊದಲ ಚುಚ್ಚುಮದ್ದಾದ ತಿಂಗಳೊಳಗೆ ಆಶಾ ಕಾರ್ಯಕರ್ತೆ ಒಮ್ಮೆ ಮನೆಗೆ ಹೋಗಿ, ಸಾಧ್ಯವಾದರೆ ಅತ್ತೆಯೂ ಗಂಡನೂ ಇರುವಾಗಲೇ, ಈ ಮಾತನ್ನು ಓದಿ ಹೇಳುವಂತೆ ಸೂಚನೆ ನೀಡಲಿ.

– ನಿವೃತ್ತ ಶುಶ್ರೂಷಕಿ, ತುಮಕೂರು ಜಿಲ್ಲೆ