‘ಪರಿಶೀಲಿಸಿದ್ದು’ ಎಂದು ಮಾರಿದ ಹೋನಿಂಗ್ ಗೈಡ್ ಕೀಸುಳಿಯ ಅಲಗನ್ನು ಓರೆ ಮಾಡುತ್ತಿರುವ ಬಗ್ಗೆ ದೂರು

ಇವರಿಗೆ,
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಬಳಸಿದ ಕೈ ಉಪಕರಣಗಳ ಆನ್‌ಲೈನ್ ಮಾರಾಟ ವಿಭಾಗ

ವಿಷಯ: ಸೆಕೆಂಡ್‌ಹ್ಯಾಂಡ್ ಹೋನಿಂಗ್ ಗೈಡ್‌ನ ದೋಷ ಮತ್ತು ಹಣ ವಾಪಸಾತಿ

ಮಾನ್ಯರೇ,

ನಿಮ್ಮಲ್ಲಿ ಕೊಂಡ ಹೋನಿಂಗ್ ಗೈಡ್‌ಗೆ (ಮಸೆಯುವಾಗ ಅಲಗನ್ನು ಒಂದೇ ಕೋನದಲ್ಲಿ ಹಿಡಿದಿಡುವ ಸಾಧನ) ಹಾಕಿ ಮಸೆದ ಕೀಸುಳಿಯ ಅಲಗು ಪ್ರತಿಸಲವೂ ಓರೆಯಾಗುತ್ತದೆ. 50 ಮಿ.ಮೀ. ಅಗಲದ ಅಲಗಿನಲ್ಲಿ ಬಲ ಮೂಲೆ ಎಡ ಮೂಲೆಗಿಂತ ಹೆಚ್ಚುಕಡಿಮೆ 1 ಮಿ.ಮೀ. ಹೆಚ್ಚು ಸವೆಯುತ್ತದೆ. ಮಸೆಯುವಾಗ ಅಲಗು ಹಿಂದಕ್ಕೆ ಜಾರುವುದೂ ಉಂಟು. ನಿಮ್ಮ ಸಹಾಯವಾಣಿಯವರು ‘ನಿಮ್ಮ ಸಾಣೆಕಲ್ಲು ಸಮತಟ್ಟಾಗಿಲ್ಲ, ಎರಡೂ ಕೈಯಿಂದ ಸಮನಾಗಿ ಒತ್ತಿ’ ಎಂದು ಉತ್ತರ ಕೊಟ್ಟು ದೂರನ್ನು ಮುಚ್ಚಿಬಿಟ್ಟರು. ಆ ಉತ್ತರ ತಪ್ಪು. ದೋಷ ಗೈಡ್‌ನಲ್ಲೇ ಇದೆ. ಎಲ್ಲಿದೆ, ಎಷ್ಟಿದೆ ಎಂಬುದನ್ನು ಅಳತೆ ಸಮೇತ ಇಲ್ಲಿ ಬರೆದಿದ್ದೇನೆ.

ಇದು ಇಂಗ್ಲೆಂಡಿನ ಶೆಫೀಲ್ಡ್‌ನ ಎಕ್ಲಿಪ್ಸ್ ಮಾದರಿಯ ಗೈಡ್: ಎರಡು ಎರಕದ ದವಡೆ, ಅವನ್ನು ಹತ್ತಿರಕ್ಕೆ ಎಳೆಯುವ ಒಂದು ಸ್ಕ್ರೂ, ಕೆಳಗೆ ಕಿರಿದಾದ ಉಕ್ಕಿನ ರೋಲರ್. ದವಡೆಯ ಮೇಲಿನ ಕಚ್ಚಿನಲ್ಲಿ ಕೀಸುಳಿಯ ಅಲಗು ಕೂರುತ್ತದೆ, ಕೆಳಗಿನ ಕಚ್ಚಿನಲ್ಲಿ ಉಳಿ. ಹಳೆಯದಾದರೂ ಸರಿಯಾಗಿದ್ದರೆ ತಲೆಮಾರುಗಟ್ಟಲೆ ಬಾಳುವ ಸಾಧನ ಇದು. ಬಣ್ಣ ಹೋಗಿದೆ, ಗೀರು ಬಿದ್ದಿದೆ ಎಂಬುದು ನನ್ನ ತಕರಾರಲ್ಲ.

ಮೊದಲು ಕಲ್ಲಿನ ವಿಚಾರ. ಕಲ್ಲನ್ನೇ ಬದಿಗಿಟ್ಟು, ದಪ್ಪ ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ ಮಸೆದರೂ ಅದೇ ಬಲ ಮೂಲೆ ಸವೆಯಿತು. ಅಲಗು ಬದಲಿಸಿದರೂ ಅಷ್ಟೇ. ಅದೇ ಅಲಗನ್ನು ಅದೇ ಗಾಜಿನ ಮೇಲೆ ಬೇರೆ ಗೈಡ್‌ನಲ್ಲಿ ಮಸೆದಾಗ ಮೂಲೆಮಟ್ಟಕ್ಕೆ (90 ಡಿಗ್ರಿ ಮೂಲೆ ನೋಡುವ ಉಪಕರಣ) ಬೆಳಕು ಕಾಣದ ಹಾಗೆ ಕೂತಿತು. ಕೈಯ ಒತ್ತಡದ ಮಾತು ಅಲ್ಲಿಗೇ ಮುಗಿಯಿತು.

ಇನ್ನು ಗೈಡ್‌ನ ಅಳತೆ. 50 ಮಿ.ಮೀ. ಅಗಲದ, ಎರಡೂ ಮುಖ ಸಮನಾಗಿ ಗ್ರೈಂಡ್ ಮಾಡಿದ, ತುದಿ ನೇರ ಮೂಲೆಗಿರುವ ಉಕ್ಕಿನ ಪಟ್ಟಿಯನ್ನು ಮೇಲಿನ ಕಚ್ಚಿನಲ್ಲಿ ಬಿಗಿದು, ರೋಲರ್ ಮತ್ತು ಪಟ್ಟಿಯ ತುದಿ ಎರಡೂ ಗಾಜಿಗೆ ತಾಗುವಂತೆ ಇಟ್ಟೆ. ಬಲ ಮೂಲೆ ಗಾಜಿಗೆ ಕೂತರೆ ಎಡ ಮೂಲೆಯ ಕೆಳಗೆ 0.5 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ಸಲೀಸಾಗಿ ಹೋಗುತ್ತದೆ. ಆಮೇಲೆ ರೋಲರ್‌ನ ಪಿನ್ ತೆಗೆದು, ರೋಲರನ್ನು ಎಡಬಲ ತಿರುಗಿಸಿ ಹಾಕಿ ಮತ್ತೆ ಅಳೆದೆ. ಸಂದು 0.1 ಮಿ.ಮೀ.ಗೆ ಇಳಿಯಿತು. ರೋಲರ್ ತಿರುಗಿಸಿದರೆ ಅದರ ದೋಷ ಮಾತ್ರ ದಿಕ್ಕು ಬದಲಿಸುತ್ತದೆ, ಕಚ್ಚಿನ ದೋಷ ಇದ್ದಲ್ಲೇ ಇರುತ್ತದೆ. ಹಾಗಾಗಿ ಎರಡು ಅಳತೆಗಳ ಸರಾಸರಿ 0.3 ಮಿ.ಮೀ. ಕಚ್ಚಿನದು, ವ್ಯತ್ಯಾಸದ ಅರ್ಧ 0.2 ಮಿ.ಮೀ. ರೋಲರ್‌ನದು.

ಕಚ್ಚಿನ ಕಾರಣ ಕಣ್ಣಿಗೇ ಕಾಣುತ್ತದೆ. ಮೇಲೆ ಹೊಸದಾಗಿ ಬಣ್ಣ ಬಳಿಯುವಾಗ ಎಡ ದವಡೆಯ ಕಚ್ಚಿನೊಳಗೆ ಬಣ್ಣ ಗಟ್ಟಿಯಾಗಿ ನಿಂತಿದೆ. ಅಲಗು ಕೂರುವ ಜಾಗಕ್ಕೆ ಬಣ್ಣ ತಾಗಲೇಬಾರದು. ರೋಲರ್‌ನದು ಸವೆತ: 13 ಮಿ.ಮೀ. ಅಗಲದ ರೋಲರ್‌ನ ಬಲತುದಿಯ ವ್ಯಾಸ ಎಡತುದಿಗಿಂತ 0.1 ಮಿ.ಮೀ. ಕಡಿಮೆ ಎಂದು ಮೈಕ್ರೋಮೀಟರ್ ತೋರಿಸುತ್ತದೆ. ಕೇಳಲು ಏನೂ ಅಲ್ಲ ಅನಿಸಬಹುದು. ವ್ಯಾಸದ ವ್ಯತ್ಯಾಸದ ಅರ್ಧ, ಅಂದರೆ 0.05 ಮಿ.ಮೀ., ಮಾತ್ರ ಗೈಡನ್ನು ವಾಲಿಸುತ್ತದೆ. ಆದರೆ ರೋಲರ್ ಕಿರಿದು, ಅಲಗು ಅದರ ಸುಮಾರು ನಾಲ್ಕು ಪಟ್ಟು ಅಗಲ, ಆದ್ದರಿಂದ ಅಷ್ಟೇ ವಾಲಿಕೆ ಅಲಗಿನ ಅಂಚಿನಲ್ಲಿ 0.2 ಆಗುತ್ತದೆ. ಇಲ್ಲಿ ಎರಡೂ ದೋಷ ಒಂದೇ ಕಡೆಗೆ ಸೇರಿಕೊಂಡಿವೆ. 30 ಡಿಗ್ರಿಯಲ್ಲಿ ಮಸೆದಾಗ ಎತ್ತರದ 0.5 ಮಿ.ಮೀ. ವ್ಯತ್ಯಾಸ ಅಲಗಿನ ಉದ್ದದಲ್ಲಿ ದುಪ್ಪಟ್ಟಾಗುತ್ತದೆ. ಆ 1 ಮಿ.ಮೀ. ಬಂದದ್ದು ಹೀಗೆ. ಕೀಸುಳಿಯ ಪಕ್ಕದ ಸನ್ನೆ ಸರಿಸಿ ಸ್ವಲ್ಪ ಓರೆಯನ್ನು ಸರಿದೂಗಿಸಬಹುದು, ನಿಜ. ಆದರೆ ಪ್ರತಿ ಸಾಣೆಗೂ ಅಲಗನ್ನು ಓರೆಗೆ ತಿನ್ನುವ ಗೈಡ್‌ಗೆ ಅದು ಪರಿಹಾರವಲ್ಲ.

ರೋಲರ್‌ನ ಒಳತೂತಿನಲ್ಲಿ ಕಲ್ಲಿನ ಕೆಸರು ಒಣಗಿ ಕಚ್ಚಿಕೊಂಡಿತ್ತು. ತಿರುಗದ ರೋಲರನ್ನು ಎಳೆದೆಳೆದು ಮಸೆದ ಗುರುತಾಗಿ ಅದರ ಮೇಲೆ 3 ಮಿ.ಮೀ. ಅಗಲದ ಚಪ್ಪಟೆ ಜಾಗವಿದೆ. ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಎಣ್ಣೆ ಬಿಟ್ಟ ಮೇಲೆ ರೋಲರ್ ತಿರುಗುತ್ತದೆ, ಆದರೆ ಸುತ್ತಿಗೊಮ್ಮೆ ಕುಕ್ಕುತ್ತದೆ.

ಅಲಗು ಜಾರುವುದಕ್ಕೆ ಸ್ಕ್ರೂ ಕಾರಣ. ಕಾಲಿಂಚಿನ ತೂತಿಗೆ 6 ಮಿ.ಮೀ. ಮೆಟ್ರಿಕ್ ಸ್ಕ್ರೂ ತುರುಕಿದ್ದಾರೆ. ತೂತಿನದು ಇಂಚಿಗೆ 20 ಸುತ್ತಿನ ಮರೆ (ಥ್ರೆಡ್), ಎಂದರೆ ಒಂದು ಸುತ್ತಿಗೆ 1.27 ಮಿ.ಮೀ., ಮೆಟ್ರಿಕ್ ಸ್ಕ್ರೂಗೆ 1 ಮಿ.ಮೀ. ಕೆಲವೇ ಸುತ್ತು ಕಚ್ಚುತ್ತವೆ, ಬಿಗಿ ಮಾಡಿದಷ್ಟೂ ಮೆತ್ತನೆಯ ಎರಕದ ಮರೆ ಕಿತ್ತುಬರುತ್ತದೆ. ಸ್ಕ್ರೂ ಡ್ರೈವರ್‌ನಿಂದ ಬಿಗಿದರೂ ಹಿಡಿತ ನಿಲ್ಲುವುದಿಲ್ಲ. ಬಣ್ಣವನ್ನು ಸಣ್ಣ ಅರದಿಂದ ಕೆರೆಯಬಹುದು, ಹೊಸ ರೋಲರ್ ಹಾಕಬಹುದು, ಮರೆ ಹೋದ ದವಡೆಯನ್ನು ಮನೆಯಲ್ಲಿ ಸರಿಮಾಡುವುದು ಸುಲಭವಲ್ಲ.

ಜೊತೆಗೆ ಕಳಿಸಿದ ಚೀಟಿಯೂ ತಪ್ಪು. ಅಲಗು ಗೈಡ್‌ನಿಂದ ಎಷ್ಟು ಮುಂದಕ್ಕೆ ಚಾಚಿದೆ ಎಂಬುದರ ಮೇಲೆ ಮಸೆಯುವ ಕೋನ ನಿಲ್ಲುತ್ತದೆ. ‘25 ಡಿಗ್ರಿಗೆ ಎಲ್ಲ ಅಲಗನ್ನೂ 40 ಮಿ.ಮೀ. ಮುಂದಕ್ಕೆ ಚಾಚಿ’ ಎಂದಿದೆ. 40 ಮಿ.ಮೀ. ಕೆಳಗಿನ ಕಚ್ಚಿನಲ್ಲಿ ಕೂರುವ ಉಳಿಯ ಲೆಕ್ಕ. ಕೀಸುಳಿಯ ಅಲಗಿಗೆ 25 ಡಿಗ್ರಿ ಬೇಕಾದರೆ 50 ಮಿ.ಮೀ., 30 ಡಿಗ್ರಿಗೆ 38 ಮಿ.ಮೀ. ನಿಮ್ಮ ಚೀಟಿಯಂತೆ ನಡೆದರೆ ಸುಮಾರು 29 ಡಿಗ್ರಿ ಬರುತ್ತದೆ. ಹೊಸದಾಗಿ ಕಲಿಯುವವರು ಕಲ್ಲಿನ ಮೇಲೆ ಎಷ್ಟು ಹೊತ್ತು ತಿಕ್ಕಿದರೂ ಅಂಚಿನ ಕಿರಿದಾದ ಪಟ್ಟಿ ಮಾತ್ರ ಹೊಳೆಯುವುದನ್ನು ಕಂಡು ತಮ್ಮದೇ ತಪ್ಪೆಂದುಕೊಳ್ಳುತ್ತಾರೆ. ದಯವಿಟ್ಟು ಆ ಚೀಟಿಯನ್ನು ಇಂದೇ ನಿಲ್ಲಿಸಿ.

ಕೋನ ಮತ್ತು ನೇರ ಎರಡನ್ನೂ ಕಾಯುವುದಷ್ಟೇ ಈ ಸಾಧನದ ಕೆಲಸ. ನಿಮ್ಮ ಜಾಹೀರಾತಿನಲ್ಲಿ ‘ಪರಿಶೀಲಿಸಿ ಸರಿಪಡಿಸಿದ್ದು, ಬಳಕೆಗೆ ಸಿದ್ಧ’ ಎಂದಿತ್ತು. ಒಂದು ಗಾಜು, ಒಂದು ನೇರ ಪಟ್ಟಿ, ಒಂದು ಫೀಲರ್ ಗೇಜ್ ಇದ್ದಿದ್ದರೆ ಐದು ನಿಮಿಷದಲ್ಲಿ ಈ ದೋಷ ನಿಮ್ಮ ಮೇಜಿನ ಮೇಲೇ ಗೊತ್ತಾಗುತ್ತಿತ್ತು. ‘ಸೆಕೆಂಡ್‌ಹ್ಯಾಂಡ್ ವಸ್ತು ವಾಪಸಿಲ್ಲ’ ಎಂಬ ನಿಮ್ಮ ನಿಯಮ ಇಲ್ಲಿ ನಿಲ್ಲುವುದಿಲ್ಲ. ದೋಷವಿರುವ ಅಥವಾ ಜಾಹೀರಾತಿನಂತೆ ಇಲ್ಲದ ಸರಕನ್ನು ವಾಪಸು ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು ಹೇಳುತ್ತವೆ. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸುವ ಹೊಣೆಯೂ ಅದೇ ನಿಯಮದಲ್ಲಿದೆ.

ಆದ್ದರಿಂದ ಪೂರ್ತಿ ಬೆಲೆ ಮತ್ತು ಸಾಗಣೆ ವೆಚ್ಚ ಹಿಂತಿರುಗಿಸಿ, ನಿಮ್ಮ ಖರ್ಚಿನಲ್ಲಿ ಗೈಡನ್ನು ವಾಪಸು ಒಯ್ಯಬೇಕೆಂದು ಕೋರುತ್ತೇನೆ. ಬದಲಿ ಗೈಡ್ ಕೊಡುವುದಾದರೆ ಮೇಲೆ ಹೇಳಿದಂತೆ ಗಾಜಿನ ಮೇಲೆ ಅಳೆದು, ಸಂದು 0.1 ಮಿ.ಮೀ. ಮೀರದ ಗೈಡ್ ಆದರೆ ಮಾತ್ರ ಒಪ್ಪುತ್ತೇನೆ. ನಿಯಮದ ಅವಧಿಯೊಳಗೆ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಬಿಲ್, ಜಾಹೀರಾತಿನ ಸ್ಕ್ರೀನ್‌ಶಾಟ್, ಕಚ್ಚಿನ ಬಣ್ಣ, ರೋಲರ್ ಮತ್ತು ಸ್ಕ್ರೂವಿನ ಚಿತ್ರಗಳು, ಫೀಲರ್ ಗೇಜ್ ಇಟ್ಟು ತೆಗೆದ ಎರಡೂ ಚಿತ್ರಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ